ಮಣ್ಣು ಬಲ್ಲ ಕೈಗಳ ಕೂಲಿ

ಏಪ್ರಿಲ್ ತಿಂಗಳು, ಬಳ್ಳಾರಿ ಸೀಮೆಯ ಕಲ್ಲುಗುಡ್ಡದ ಬುಡ. ಐದು ಮೀಟರ್ ಚೌಕದ ಉತ್ಖನನದ ಟ್ರೆಂಚಿನೊಳಗೆ ನೀವು ಮಂಡಿಯೂರಿ ಕೂತಿದ್ದೀರಿ. ಮೇಲೆ ಕಟ್ಟಿದ್ದ ಶೇಡ್‌ನೆಟ್ ಗಾಳಿಗೆ ಹರಿದಿದೆ, ನೆತ್ತಿ ಸುಡುತ್ತಿದೆ. ಕೆರೆದಷ್ಟೂ ಬೂದಿ ಏಳುತ್ತದೆ. ನವಶಿಲಾಯುಗದ ದನಗಾಹಿಗಳು ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಸುಟ್ಟ ಸಗಣಿ ಅದು. ಮಾಸ್ಕ್ ಯಾರೂ ಕೊಟ್ಟಿಲ್ಲ, ಮೂಗಿಗೆ ನಿಮ್ಮದೇ ಟವೆಲ್ಲು.

‘ಸರ, ತಡೀರಿ. ಇಲ್ಲಿ ಮಣ್ಣು ಮೆತ್ತಗ ಐತ್ರಿ.’

ಪಕ್ಕದ ಅಕ್ಕನ ಕರಣೆ ನಿಂತಿದೆ. ಅವಳು ಅಂಗೈಯಿಂದ ಸವರಿದಾಗ ನಿಮಗೂ ಕಾಣುತ್ತದೆ: ಗಟ್ಟಿ ನೆಲದ ನಡುವೆ ಕಂದು ಬಣ್ಣದ ಸಣ್ಣ ವೃತ್ತ. ಬ್ರಷ್ಷಿಗೆ ಬೂದುಬಣ್ಣದ ಮಡಕೆಯ ಕಂಠ ತಾಗುತ್ತದೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿಯಲ್ಲಿ ಅಗೆಸಿದಾಗ ಇಂಥ ಮಡಕೆಗಳಲ್ಲಿ ಹೂತ ಹಸುಗೂಸುಗಳು ಸಿಕ್ಕಿದ್ದವು. ಗುದ್ದಲಿಯ ಒಂದೇಟು ಬಿದ್ದಿದ್ದರೂ ಇದು ಚೂರಾಗುತ್ತಿತ್ತು. ಒಮ್ಮೆ ಅಗೆದ ಪದರವನ್ನು ಯಾರೂ ಎರಡನೇ ಸಲ ಅಗೆಯಲಾರರು.

ಹಾಜರಿ ಪುಸ್ತಕದಲ್ಲಿ ಅಕ್ಕನ ಹೆಸರಿನ ಮುಂದೆ ‘ಅಕುಶಲ’ ಎಂದಿದೆ. ಇದಕ್ಕಿಂತ ದೊಡ್ಡ ಸುಳ್ಳು ಆ ಪುಸ್ತಕದಲ್ಲಿಲ್ಲ. ಅವಳು ಬೆಳಗಿನಿಂದ ನೀರು ಕುಡಿದಿಲ್ಲ. ಹೆಂಗಸರಿಗೆ ಶೌಚಾಲಯವಿಲ್ಲ, ಬಂಡೆಯ ಮರೆಯೂ ದೂರ.

ನೀವು ಎಂ.ಎ. ಓದಿದವರು. ಕೆಲಸ ಏಜೆನ್ಸಿಯ ಮೂಲಕ, ಮಳೆ ಬೀಳುವತನಕ. ಮಳೆ ಬಿದ್ದ ಮೇಲೆ ಚೂರುಗಳನ್ನು ತೊಳೆದು ನಂಬರ್ ಹಾಕಬೇಕು, ಚಿತ್ರ ಬರೆಯಬೇಕು, ವರದಿ ಕಟ್ಟಬೇಕು. ತಿಂಗಳುಗಟ್ಟಲೆ ಹಿಡಿಯುವ ಆ ದುಡಿಮೆಗೆ ಸಂಬಳವಿಲ್ಲ. ಕಾಯಂ ನೌಕರರ ಕೆಲಸವನ್ನೇ ಮಾಡುವ ತಾತ್ಕಾಲಿಕ ನೌಕರರಿಗೂ ಸಮಾನ ವೇತನ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2016ರಲ್ಲಿ; ಆ ಮಾತು ಈ ಟ್ರೆಂಚಿನವರೆಗೆ ಬಂದಿಲ್ಲ. ನಿಮ್ಮ ಜೊತೆ ಕಲಿತವರು ಒಬ್ಬೊಬ್ಬರಾಗಿ ಬ್ಯಾಂಕಿಗೆ, ಬಿ.ಎಡ್.ಗೆ ಹೋದರು. ಮಣ್ಣಿನ ಬಣ್ಣ ಓದಲು ಕಲಿತ ಕಣ್ಣುಗಳು ಹಾಗೆ ಕೈತಪ್ಪಿಹೋಗುವುದು ಸಂಕಟದ ಸಂಗತಿ.

‘ಮುಂದಿನ ವರ್ಷ ಬರ್ತೀಯಲ್ಲಕ್ಕ?’

‘ಬೆಂಗಳೂರಿಗೆ ಗಾರೆ ಕೆಲಸಕ್ಕ ಹೊಂಟೀನ್ರಿ. ಅಲ್ಲಿ ಪಗಾರ ಹೆಚ್ಚೈತಿ.’

ಊಟದ ಹೊತ್ತಿಗೆ ಮುಂದಿನ ಹಂಗಾಮಿನ ಅಂದಾಜು ಪಟ್ಟಿ ನಿಮ್ಮ ಕೈಸೇರುತ್ತದೆ. ಡ್ರೋನಿಗೆ, ಜೀಪಿಗೆ ಸಾಲುಗಳಿವೆ. ಕೆಳಗೆ ನೀವು ಪೆನ್ನಿನಲ್ಲಿ ಸೇರಿಸುತ್ತೀರಿ: ಕರಣೆ ಹಿಡಿಯುವವರಿಗೆ ಕುಶಲ ದರ, ಎಲ್ಲರಿಗೂ ವಿಮೆ, ಶೌಚಾಲಯದ ಡೇರೆ, ವರದಿ ಮುಗಿಯುವತನಕ ಸಂಬಳ. ಡ್ರೋನಿನ ಸಾಲಿಗೆ ಗೀಟು ಹಾಕಿ ನಿರ್ದೇಶಕರ ಡೇರೆಯ ಕಡೆ ಹೊರಡುತ್ತೀರಿ.