ಮೊಲದ ಬೆನ್ನು, ಬಟ್ಟಲಿನ ಚರ್ಮ

ತೊಂಬತ್ತರ ದಶಕದಲ್ಲಿ ನಾನು ಕೆಲಸಕ್ಕೆ ಸೇರಿದ ಪ್ರಯೋಗಾಲಯದಲ್ಲಿ ಕ್ರೀಮು, ಲೋಷನ್‌ಗಳ ಪರೀಕ್ಷೆ ಅಂದರೆ ಮೊಲ. ಹಿಂದಿನ ದಿನವೇ ಬೆನ್ನಿನ ಕೂದಲು ಬೋಳಿಸಿಡುತ್ತಿದ್ದೆವು. ಮರುದಿನ ಪರೀಕ್ಷೆಯ ವಸ್ತುವನ್ನು ಹಚ್ಚಿ ಪಟ್ಟಿ ಕಟ್ಟುವುದು, ಆಮೇಲೆ ಬಿಚ್ಚಿ ನೋಡುವುದು. ಕೆಂಪಿಗೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ, ಊತಕ್ಕೆ ಬೇರೆ ಅಂಕ. 1944ರಲ್ಲಿ ಅಮೆರಿಕದ ಜಾನ್ ಡ್ರೇಜ್ ಮತ್ತು ಸಂಗಡಿಗರು ಹಾಕಿಕೊಟ್ಟ ಕ್ರಮವದು. ಅದೇ ಬೆನ್ನಿಗೆ ನಾನು ಎರಡು ಕೊಟ್ಟರೆ ಪಕ್ಕದವರು ಮೂರು ಕೊಡುತ್ತಿದ್ದರು. ಮೊಲದ ಚರ್ಮ ನಮ್ಮದಕ್ಕಿಂತ ಬೇಗ ಕೆರಳುತ್ತದೆ ಎಂಬುದೂ ಎಲ್ಲರಿಗೆ ಗೊತ್ತಿತ್ತು. ವರದಿ ಮಾತ್ರ ಹೋಗುತ್ತಲೇ ಇತ್ತು.

ಅಷ್ಟು ಹೊತ್ತಿಗೆ ಮನುಷ್ಯರ ಚರ್ಮವನ್ನೇ ಬೆಳೆಸುವ ದಾರಿ ತೆರೆದಿತ್ತು. 1975ರಲ್ಲಿ ಎಂಐಟಿಯ ರೈನ್‌ವಾಲ್ಡ್ ಮತ್ತು ಹೊವಾರ್ಡ್ ಗ್ರೀನ್ ಹೊರಚರ್ಮದ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿದ್ದರು. ಎಂಬತ್ತರ ದಶಕದಲ್ಲಿ ಸುಟ್ಟಗಾಯದವರಿಗೆ ಅಂಥ ಚರ್ಮ ಹೊದಿಸಿದ್ದೂ ಆಗಿತ್ತು. ನಮ್ಮ ಮೇಜಿಗೆ ಅದು ಬರಲು ಬಹಳ ಕಾಲ ಹಿಡಿಯಿತು.

ಈಗ ಬರುವುದು ಉಗುರಿನಷ್ಟಗಲದ ಬಿಲ್ಲೆ. ಕೋಶಗಳನ್ನು ಮೊದಲು ದ್ರವದಲ್ಲಿ ಮುಳುಗಿಸಿಟ್ಟು, ಆಮೇಲೆ ಮೇಲ್ಮೈಯನ್ನು ಗಾಳಿಗೆ ಒಡ್ಡುತ್ತಾರೆ. ಪೋಷಣೆ ಕೆಳಗಿನಿಂದ ಮಾತ್ರ. ಆಗ ಪದರದ ಮೇಲೆ ಪದರ ಏರುತ್ತದೆ. ಮೇಲಕ್ಕೆ ಸರಿದ ಕೋಶಗಳಲ್ಲಿ ಕ್ಯಾಲ್ಸಿಯಂನಿಂದ ಟ್ರಾನ್ಸ್‌ಗ್ಲುಟಾಮಿನೇಸ್ ಕಿಣ್ವ ಚುರುಕಾಗಿ ಪ್ರೋಟೀನುಗಳನ್ನು ಒಂದಕ್ಕೊಂದು ಹೊಲಿದುಬಿಡುತ್ತದೆ. ಚರ್ಮದ ತಡೆಗೋಡೆ ನಿಲ್ಲುವುದಕ್ಕೆ ಈ ಹೊಲಿಗೆ ಬೇಕೇ ಬೇಕು. ಆ ಕಿಣ್ವದ ಜೀನು ಕೆಟ್ಟ ಮಕ್ಕಳಿಗೆ ಮೈಯೆಲ್ಲ ಹುರುಪೆಯೇಳುವ ಇಕ್ತಿಯೋಸಿಸ್ ಬರುತ್ತದೆ. ಬಟ್ಟಲಿನಲ್ಲೂ ಅದೇ ಕಿಣ್ವ ಅದೇ ಕೆಲಸ ಮಾಡುವುದರಿಂದಲೇ ನನಗೆ ಈ ಬಿಲ್ಲೆಯ ಮೇಲೆ ನಂಬಿಕೆ.

ಪರೀಕ್ಷೆಯೂ ಕಿಣ್ವದ್ದೇ. ವಸ್ತು ಹಚ್ಚಿ, ತೊಳೆದು, 42 ಗಂಟೆ ಬಿಟ್ಟು, ಎಂಟಿಟಿ ಎಂಬ ಹಳದಿ ದ್ರಾವಣದಲ್ಲಿ ಮೂರು ಗಂಟೆ ಇಡುತ್ತೇವೆ. ಬದುಕಿರುವ ಕೋಶಗಳ ಡಿಹೈಡ್ರೋಜಿನೇಸ್ ಕಿಣ್ವಗಳು ಅದನ್ನು ಕಡುನೇರಳೆಗೆ ತಿರುಗಿಸುತ್ತವೆ. ಸತ್ತಿದ್ದರೆ ಬಿಲ್ಲೆ ಪೇಲವವಾಗಿಯೇ ಉಳಿಯುತ್ತದೆ. ಬಣ್ಣವನ್ನು ಐಸೊಪ್ರೊಪನಾಲ್‌ನಲ್ಲಿ ಇಳಿಸಿ ಯಂತ್ರದಲ್ಲಿ ಅಳೆಯುತ್ತೇವೆ. ವಸ್ತು ಹಚ್ಚದ ಬಿಲ್ಲೆಗೆ ಹೋಲಿಸಿದಾಗ ಬಣ್ಣ ಶೇ. 50 ಅಥವಾ ಅದಕ್ಕಿಂತ ಕಡಿಮೆ ಬಂದರೆ ಆ ವಸ್ತು ಚರ್ಮವನ್ನು ಕೆರಳಿಸುವಂಥದ್ದು. ಓಇಸಿಡಿ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಈ ಪರೀಕ್ಷೆಯನ್ನು 2010ರಲ್ಲಿ ಒಪ್ಪಿತು. 2014ರಲ್ಲಿ ಭಾರತ ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನೇ ನಿಷೇಧಿಸಿತು. ಬೋಳು ಬೆನ್ನುಗಳನ್ನು ಕಂಡವಳಾಗಿ, ತಡವಾಯಿತೆಂದೇ ಹೇಳುತ್ತೇನೆ.

ಈ ಬಿಲ್ಲೆಯಲ್ಲಿ ರಕ್ತನಾಳವಿಲ್ಲ, ನರವಿಲ್ಲ. ಕೆಂಪಗಾಗುವುದು ಇದಕ್ಕೆ ಬಾರದು. ಅಲರ್ಜಿಯ ಪ್ರಶ್ನೆಗೆ ಬೇರೆ ಪರೀಕ್ಷೆಗಳೇ ಬೇಕು. ಇನ್ನೊಂದು ತೊಡಕು: ಕೆಲವು ವಸ್ತುಗಳು ಕೋಶದ ಹಂಗಿಲ್ಲದೆ ತಾವೇ ಎಂಟಿಟಿಯನ್ನು ನೇರಳೆ ಮಾಡುತ್ತವೆ. ಅಂಥ ಕಡೆ ಹೆಪ್ಪುಗಟ್ಟಿಸಿ ಸಾಯಿಸಿದ ಬಿಲ್ಲೆಯನ್ನೂ ಜೊತೆಗೆ ಪರೀಕ್ಷಿಸಬೇಕು. ಹೊಸದಾಗಿ ಸೇರಿದ ಹುಡುಗರು ಅವಸರದಲ್ಲಿ ಅದನ್ನು ಬಿಟ್ಟುಬಿಡುತ್ತಾರೆ. ಆ ಅಂಕಿ ಕಾಣದೆ ನಾನು ವರದಿಗೆ ಸಹಿ ಹಾಕುವುದಿಲ್ಲ.