ಏನಿಲ್ರೀ, ಮನ್ಯಾಗ ಇರ್ತೀನಿ

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಯಾವ ಹಳ್ಳಿಗಾದರೂ ಹೋಗಿ, "ಯವ್ವಾ, ಏನ್ ಕೆಲ್ಸ ಮಾಡ್ತೀ?" ಅಂತ ಕೇಳಿ. "ಏನಿಲ್ರೀ, ಮನ್ಯಾಗ ಇರ್ತೀನಿ" ಅಂತಾಳೆ. ಹೇಳುವಾಗಲೂ ಕೈ ಮೊರದಲ್ಲಿ ತೊಗರಿ ಹಸನು ಮಾಡುತ್ತಿರುತ್ತದೆ. ನಸುಕಿನಲ್ಲೆದ್ದು ರೊಟ್ಟಿ ಬಡಿದು, ಬುತ್ತಿ ಕಟ್ಟಿ, ಹೊಲದಲ್ಲಿ ಕಸ ಕಿತ್ತು, ಬರುವಾಗ ಎಮ್ಮೆಗೆ ಮೇವು ಹೊತ್ತು ತಂದವಳು ಅವಳೇ. ಗಂಡನನ್ನು ಕೇಳಿದರೆ ಕಟ್ಟೆಯಿಂದ ಏಳದೆಯೇ "ಒಕ್ಕಲುತನ" ಅಂತಾನೆ!

ಈ "ಏನಿಲ್ರೀ"ಯನ್ನು ನಂಬದಿರುವುದನ್ನೇ ವೃತ್ತಿ ಮಾಡಿಕೊಂಡವರು ದೇವಕಿ ಜೈನ್. 1933ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಆಕ್ಸ್‌ಫರ್ಡ್‌ನಲ್ಲಿ ಓದಿ, ದೆಹಲಿಯ ಮಿರಾಂಡಾ ಹೌಸ್‌ನಲ್ಲಿ ಅರ್ಥಶಾಸ್ತ್ರ ಕಲಿಸಿದವರು. 1975ರಲ್ಲಿ ಭಾರತೀಯ ಮಹಿಳೆಯರ ಕುರಿತ ಪುಸ್ತಕವೊಂದನ್ನು ಸಂಪಾದಿಸಿದ ಮೇಲೆ ಅವರ ದಾರಿಯೇ ತಿರುಗಿತು. ಎಪ್ಪತ್ತರ ದಶಕದಲ್ಲಿ ರಾಜಸ್ಥಾನ, ಬಂಗಾಳದ ಹಳ್ಳಿಗಳಲ್ಲಿ ಅವರ ತಂಡ "ನಿಮ್ಮ ಕೆಲಸವೇನು" ಎಂದು ಕೇಳಿ ಸುಮ್ಮನಾಗಲಿಲ್ಲ. ಏಳುವುದರಿಂದ ಮಲಗುವವರೆಗೆ ಯಾರ ಹೊತ್ತು ಯಾವುದರಲ್ಲಿ ಕಳೆಯುತ್ತದೆಂದು ಬರೆದುಕೊಂಡಿತು. ಸರ್ಕಾರದ ಲೆಕ್ಕಕ್ಕಿಂತ ದುಡಿಯುವ ಹೆಂಗಸರು ಎಷ್ಟೋ ಹೆಚ್ಚು ಸಿಕ್ಕರು. ನಮ್ಮ ಯಾವ ಅತ್ತೆ-ಸೊಸೆಯಾದರೂ ಇದನ್ನು ಪುಕ್ಕಟೆ ಹೇಳುತ್ತಿದ್ದರು ಅನ್ನಿ. ಆದರೆ ದೆಹಲಿಗೆ ಕೋಷ್ಟಕವೇ ಬೇಕು.

ಕೊನೆಗೆ 1991ರ ಜನಗಣತಿಯ ಪ್ರಶ್ನೆಯಲ್ಲಿ ಹೊಲದ, ಮನೆಯುದ್ಯಮದ ಸಂಬಳವಿಲ್ಲದ ದುಡಿಮೆಯೂ ಕೆಲಸವೇ ಎಂದು ಬಿಡಿಸಿ ಬರೆದರು. ಹೊತ್ತಿನ ಲೆಕ್ಕ ಇಡೀ ದೇಶಕ್ಕೆ ಮೊದಲ ಸಲ ನಡೆದದ್ದು 2019ರಲ್ಲಿ. ಸಂಬಳವಿಲ್ಲದ ಮನೆಗೆಲಸಕ್ಕೆ ಕೈ ಹಾಕಿದ ಹೆಂಗಸರಿಗೆ ದಿನಕ್ಕೆ 299 ನಿಮಿಷ, ಗಂಡಸರಿಗೆ 97. ಆ 97 ಕೂಡ ನನಗೆ ತುಸು ಉದಾರವಾಗೇ ಕಾಣುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಸರ್ಕಾರದ ಅಂಕಿಗಳೂ ಏರಿವೆ. ದುಡಿಯುವ, ಕೆಲಸ ಹುಡುಕುವ ಹೆಂಗಸರ ಪಾಲು 2017-18ರಲ್ಲಿ ಶೇ. 23.3 ಇದ್ದದ್ದು 2023-24ಕ್ಕೆ ಶೇ. 41.7 ಆಯಿತು. ಹೆಚ್ಚಿದ್ದು ಬಹುಪಾಲು ಹಳ್ಳಿಯ ಸ್ವಂತ ದುಡಿಮೆ. ಅದರಲ್ಲಿ ಕೂಲಿಯಿಲ್ಲದೆ ಮನೆಯ ಹೊಲಕ್ಕೆ ಕೈಜೋಡಿಸಿದವರೂ ಸೇರಿದ್ದಾರೆ. ಇದಕ್ಕೆ ಪೂರ್ತಿ ಹಿಗ್ಗಬೇಕೋ ಬೇಡವೋ, ನನಗಂತೂ ಅನುಮಾನ. ಬದಲಾದದ್ದೂ ಉಂಟು: 2023ರ ಜೂನ್‌ನಿಂದ ಸರ್ಕಾರಿ ಬಸ್ಸು ಹೆಂಗಸರಿಗೆ ಪುಕ್ಕಟೆ, ಕಲಬುರಗಿಗೆ ಹೋಗಿಬರಲು ಗಂಡನ ಜೇಬು ನೋಡಬೇಕಿಲ್ಲ. ಸಂಘದ ಹೆಂಗಸರು ಖಡಕ್ ರೊಟ್ಟಿ ಮಾರುತ್ತಾರೆ. ಮಾರಿದರೆ ಅದು ಉದ್ಯಮ, ಗಂಡನ ತಾಟಿಗೆ ಬಿದ್ದರೆ ಮನೆಗೆಲಸ. ರೊಟ್ಟಿ ಬಡಿಯುವ ಕೈಗೆ ಮಾತ್ರ ಎರಡರಲ್ಲೂ ಅಷ್ಟೇ ನೋವು.

2027ರ ಜನಗಣತಿಯವರು ಬಾಗಿಲಿಗೆ ಬಂದಾಗ ಗಂಡಸರು ಒಂದಿಷ್ಟು ಪಕ್ಕಕ್ಕೆ ಸರಿದು ನಿಲ್ಲಿ. ಅಕ್ಕ, ಅವ್ವ, ನಿಮ್ಮ ಹೊಲ, ಎಮ್ಮೆ, ಮಾರುವ ರೊಟ್ಟಿ ಎಲ್ಲವನ್ನೂ ನೀವೇ ಬರೆಸಿ.