ಕಸವೆಂದು ಬಿಟ್ಟದ್ದು

ಮನೆ ಬದಲಿಸುವಾಗ ಏನನ್ನು ಒಯ್ಯಬೇಕು, ಏನನ್ನು ಬಿಡಬೇಕು ಎಂಬುದು ನನಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲವೆಂದು ತಿಳಿದಿದ್ದೆ. 2019ರ ಜೂನಿನಲ್ಲಿ ಆ ಜಂಭ ಇಳಿಯಿತು.

ನಮ್ಮದು ಕಾಪು ಬಳಿಯ ಶಂಕರಪುರ, ಮಲ್ಲಿಗೆಯ ಊರು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದರ ಮಾತ್ರ ದಿನಕ್ಕೊಂದು. ಮದುವೆಯ ದಿನಗಳಲ್ಲಿ ಏರಿ, ಆಟಿಯಲ್ಲಿ ಬಿದ್ದುಬಿಡುತ್ತದೆ. ನೆರೆಕರೆಯ ಹನ್ನೊಂದು ಹೆಂಗಸರು ಬಾಳೆನಾರಿನಲ್ಲಿ ಕಟ್ಟಿದ ಹೂವನ್ನು ನಮ್ಮ ಜಗಲಿಗೆ ತಂದು ಕೊಡುತ್ತಿದ್ದರು. ಲೆಕ್ಕ ನನ್ನದು, ಶನಿವಾರ ಬಟವಾಡೆ. ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ನಾದಿನಿಯ ಮಗಳು 2017ರಲ್ಲಿ ಆ ಲೆಕ್ಕವನ್ನೆಲ್ಲ ಕಂಪ್ಯೂಟರಿಗೆ ಹಾಕಿಕೊಟ್ಟಳು. ಪೋಸ್ಟ್‌ಗ್ರೆಸ್ ಎಂಬ ಸರ್ವರ್, 9.6ನೆಯ ಆವೃತ್ತಿ. ನನಗೆ ಅದು ಒಂದು ಕಪಾಟು, ಅಷ್ಟೆ.

ಎರಡು ವರ್ಷದಲ್ಲಿ ಕಂಪ್ಯೂಟರು ನರಳತೊಡಗಿತು. ಉಡುಪಿಯಿಂದ ಹೊಸದು ತಂದೆವು. ಹುಡುಗಿ ಅದರಲ್ಲೂ ಅದೇ ಆವೃತ್ತಿ ಹಾಕಿ, "ಮಾಮಿ, ಸರ್ವರ್ ನಿಲ್ಲಿಸಿ ಫೋಲ್ಡರ್ ಇಡಿಯಾಗಿ ನಕಲು ಮಾಡಿ" ಎಂದು ಚೀಟಿ ಬರೆದಿಟ್ಟು ಹೋದಳು. ಪೆನ್ ಡ್ರೈವಿನಲ್ಲಿ ಜಾಗ ಸಾಲಲಿಲ್ಲ. ನೋಡುತ್ತೇನೆ, 'ಪಿಜಿ ಎಕ್ಸ್‌ಲಾಗ್' ಎಂಬ ಫೋಲ್ಡರೇ ಎಲ್ಲಕ್ಕಿಂತ ಭಾರ. ಒಳಗೆ ಒಂದೊಂದು ಕಡತವೂ 16 ಎಂಬಿ! ಲಾಗ್ ಎಂದರೆ ಹಳೆಯ ದಾಖಲೆ, ಕಸ ಎಂದುಕೊಂಡು ಅದನ್ನು ಬಿಟ್ಟೆ. ಸರ್ವರ್ ನಿಲ್ಲಿಸುವುದನ್ನೂ ಮರೆತಿದ್ದೆ ಅನ್ನಿ. ಹಳೆಯ ಕಂಪ್ಯೂಟರನ್ನು ಕಾರ್ಕಳದ ಅಕ್ಕನ ಮಗ ಒಯ್ದ.

ಹೊಸದರಲ್ಲಿ ಸರ್ವರ್ ಏಳಲೇ ಇಲ್ಲ. ಆಚೆ ಹೊಳಿ ಹೊಳಿ ಮಳೆ, ಈಚೆ ಶುಕ್ರವಾರದ ಸಂಜೆ.

ಮಣಿಪಾಲಕ್ಕೆ ಫೋನ್ ಮಾಡಿದೆ. ತೆರೆಯ ಮೇಲಿನ ಗೊಣಗಾಟ ಬಿಟ್ಟು ಸರ್ವರಿನ ದಾಖಲೆಯ ಕೊನೆಯ ಸಾಲು ಓದಿ ಎಂದಳು. ಫೋಲ್ಡರಿನ ಒಡೆಯ ಬೇರೆ ಎಂದು ಅದರ ದೂರು. ಪೆನ್ ಡ್ರೈವಿಗೆ ಒಡೆತನವೆಲ್ಲ ನೆನಪಿರುವುದಿಲ್ಲವಂತೆ. ನಕಲು ಮಾಡಿದವರ ಹೆಸರಿಗೇ ಆಸ್ತಿಯಾಗುತ್ತದೆ. ಅವಳು ಹೇಳಿದಂತೆ ಒಡೆತನವನ್ನು ಸರ್ವರಿನ ಹೆಸರಿಗೆ ಬರೆದು, ಬೇರೆಯವರು ಇಣುಕದಂತೆ 700 ಎಂಬ ಬೀಗವನ್ನೂ ಹಾಕಿದೆ. ಆಗ ಇನ್ನೊಂದು ದೂರು ಬಂತು: ಪಿಜಿ ಎಕ್ಸ್‌ಲಾಗ್ ಇಲ್ಲ.

ಆ ಕಡೆ ಮೌನ. "ಮಾಮಿ, ಅದನ್ನು ಬಿಟ್ಟಿರಾ?"

ನಾವು ಹಾಲಿನ ಲೆಕ್ಕವನ್ನು ಮೊದಲು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಪುರುಸೊತ್ತಾದಾಗ ಪುಸ್ತಕಕ್ಕೆ ಏರಿಸುವುದಿಲ್ಲವೆ? ಸರ್ವರ್ ಮಾಡುವುದೂ ಅದನ್ನೇ. ನಾನು ಕಸವೆಂದದ್ದು ಆ ಕ್ಯಾಲೆಂಡರನ್ನು. ಹಾಗೆ ಕಸವೆಂದುಕೊಂಡವಳು ನಾನೊಬ್ಬಳೇ ಅಲ್ಲವಂತೆ. ಲಾಗ್ ಎಂಬ ಹೆಸರು ನೋಡಿ ಎಷ್ಟೋ ಮಂದಿ ಅಳಿಸಿಬಿಡುತ್ತಿದ್ದರೆಂದು, 2017ರಲ್ಲಿ ಬಂದ 10ನೆಯ ಆವೃತ್ತಿಯಲ್ಲಿ ಅದರ ಹೆಸರನ್ನೇ 'ಪಿಜಿ ವಾಲ್' ಎಂದು ಬದಲಿಸಿದರು. ಕೇಳಿ ಸ್ವಲ್ಪ ಸಮಾಧಾನವಾಯಿತು.

ಕ್ಯಾಲೆಂಡರ್ ಇಲ್ಲದೆಯೂ ಎಬ್ಬಿಸುವ ಒಂದು ಆಜ್ಞೆ ಇದೆಯಂತೆ. "ಏಳುತ್ತದೆ ಮಾಮಿ, ಆದರೆ ಲೆಕ್ಕ ಸರಿಯಿದೆ ಎಂದು ಯಾರೂ ಹೇಳುವ ಹಾಗಿಲ್ಲ" ಎಂದಳು. ಹನ್ನೊಂದು ಮನೆಯ ದುಡ್ಡು. ಒಬ್ಬಾಕೆ ಮಗಳ ಫೀಸಿಗೆಂದು ಎರಡು ವಾರದಿಂದ ನನ್ನಲ್ಲೇ ಬಿಟ್ಟಿದ್ದಳು. ಆ ಆಜ್ಞೆ ಬೇಡವೆಂದೆ.

ಅಕ್ಕನಿಗೆ ಫೋನ್ ಮಾಡಿದರೆ, ಮಗ ಭಾನುವಾರ ಎಲ್ಲ ಅಳಿಸಿ ಆಟ ತುಂಬಿಸುತ್ತಾನಂತೆ! ಬೆಳಿಗ್ಗೆ ಶಿರ್ವ, ಬೆಳ್ಮಣ್ ದಾರಿಯಾಗಿ ಕಾರ್ಕಳಕ್ಕೆ ಹೊರಟೆ. ಗುಡ್ಡದ ಮೇಲೆ 1432ರಿಂದ ನಿಂತ 42 ಅಡಿಯ ಗೊಮ್ಮಟ. ಅವನು ಎಲ್ಲ ಬಿಟ್ಟು ನಿಂತವನು. ನಾನು ಬಿಟ್ಟದ್ದನ್ನು ಹುಡುಕಿ ಹೊರಟವಳು.

ಕಂಪ್ಯೂಟರು ಹಾಗೆಯೇ ಇತ್ತು. ಸರ್ವರನ್ನು ಮರ್ಯಾದೆಯಿಂದ ನಿಲ್ಲಿಸಿ, ದೊಡ್ಡ ಪೆನ್ ಡ್ರೈವಿಗೆ ಇಡೀ ಫೋಲ್ಡರನ್ನು ಒಡೆತನ ಸಮೇತ ಒಂದೇ ಗಂಟು ಕಟ್ಟಿ ತಂದೆ. ಅರ್ಧಂಬರ್ಧ ನಕಲಿಗೆ ಬಿಟ್ಟದ್ದನ್ನಷ್ಟೇ ಜೋಡಿಸಬಾರದು, ಹಳೆಯ ನಕಲನ್ನು ಬದಿಗಿಟ್ಟು ಎಲ್ಲ ಹೊಸದಾಗಿಯೇ ಇಳಿಸಬೇಕು ಎಂದು ಹುಡುಗಿ ಮತ್ತೆ ಮತ್ತೆ ಹೇಳಿದ್ದಳು. ಸಂಜೆ ನಾಲ್ಕಕ್ಕೆ ಸರ್ವರ್ ಎದ್ದಿತು.

ಬಟವಾಡೆಗೆ ಆ ಫೀಸಿನ ಹೆಂಗಸೇ ಮೊದಲು ಬಂದಳು. ಗುರುವಾರಕ್ಕೆ ನಾಲ್ಕು ಚೆಂಡು ಎಂದು ಓದಿದೆ. ಅವಳು ತೆರೆಯ ಕಡೆ ನೋಡಲೂ ಇಲ್ಲ. "ಐದು. ಮನೆ ಗೋಡೆಯಲ್ಲಿ ಮಸಿಯಲ್ಲಿ ಗೀಟು ಹಾಕಿದ್ದೇನೆ" ಎಂದಳು. ನೆನಪಾಯಿತು, ಒಂದು ಚೆಂಡನ್ನು ಅವಳು ಆಮೇಲೆ ತಂದಿದ್ದಳು, ನಾನು ಬರೆದಿರಲಿಲ್ಲ. ಐದಕ್ಕೆ ದುಡ್ಡು ಕೊಟ್ಟೆ.